ಫ್ಲವರ್ ಶೋಗೆ ಹೋಗಿ ಕಲ್ಲುಹೂವು ನೋಡ್ಕೊಂಡು ಬಂದೆ

ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಏನು ಅಂತ ಸ್ವಲ್ಪ ಹೊತ್ತು ಸುಮ್ನೆ ನೋಡಿ. ವಿಮಾನದಲ್ಲಿ ಹೋಗ್ವಾಗ ಕಿಟಕಿಯಿಂದ ಕಾಣೋ ದ್ವೀಪದ ತರ ಇದೆ ಅಲ್ವಾ? ಸುತ್ತ ಬೂದಿ ಬಣ್ಣದ ಸಮುದ್ರ, ಮಧ್ಯದಲ್ಲಿ ತಿಳಿ ಹಸಿರು ನೆಲ, ಅಂಚಲ್ಲಿ ಕಪ್ಪು ದಡ. ಇದು ಲಾಲ್‌ಬಾಗ್ ಬಂಡೆ. ಈ ಇಡೀ ದ್ವೀಪ ನನ್ನ ಹೆಬ್ಬೆರಳ ಉಗುರಷ್ಟಿದೆ, ಅಷ್ಟೇ.

ಆಗಸ್ಟ್ 15ರ ಫ್ಲವರ್ ಶೋ ಅಂದ್ರೆ ಗೊತ್ತಲ್ಲ, ಗ್ಲಾಸ್ ಹೌಸ್ ಒಳಗೆ ಕಾಲಿಡೋಕೆ ಜಾಗ ಇರಲ್ಲ. ಗುಲಾಬಿ, ಆಂಥೂರಿಯಂ, ಹೂವಲ್ಲೇ ಮಾಡಿರೋ ದೊಡ್ಡ ಕಲಾಕೃತಿ, ಎಲ್ಲರ ಫೋನೂ ತಲೆಗಿಂತ ಮೇಲೆ. ನಾನೂ ಎಷ್ಟೋ ವರ್ಷ ಅದೇ ಲೈನಲ್ಲಿ ನಿಂತು ಅದೇ ಫೋಟೋ ತೆಗ್ದಿದೀನಿ. ಈ ಸಲ ಜನ ತಡೀಲಾರ್ದೆ ಹೊರಗೆ ಬಂದು ಬಂಡೆ ಹತ್ತಿ ಕೂತೆ. ಮೇಲೆ ಕೆಂಪೇಗೌಡ್ರ ಗೋಪುರ, ಆಕಡೆ ಸಿಟಿ, ಎಲ್ಲರೂ ಅದನ್ನ ಬ್ಯಾಕ್‌ಗ್ರೌಂಡ್ ಮಾಡ್ಕೊಂಡು ಸೆಲ್ಫಿ. ಸುಮಾರು 300 ಕೋಟಿ ವರ್ಷದ ಬಂಡೆ ಇದು, ಅದ್ರ ಮೇಲೇ ನಿಂತಿದೀವಿ, ಕೆಳಗೆ ಮಾತ್ರ ಯಾರೂ ನೋಡ್ತಿಲ್ಲ. ನಾನು ನೋಡಿದ್ದೂ ಚಪ್ಪಲಿ ಬಿಚ್ಚೋಕೆ ಬಗ್ಗಿದಾಗ್ಲೇ.

ಬಂಡೆ ತುಂಬ ಹೂವು. ಕಲ್ಲುಹೂವು.

ಈ ಹೆಸರು ಅಡುಗೆಮನೇಲಿ ಕೇಳಿರ್ತೀರ. ಅಮ್ಮನ ಮಸಾಲೆ ಡಬ್ಬೀಲಿ ಚಕ್ಕೆ, ಲವಂಗ, ಮರಾಠಿ ಮೊಗ್ಗಿನ ಪಕ್ಕ ಒಣಗಿದ ಎಲೆ ಚೂರಿನ ತರ, ಮೇಲೆ ಬೂದಿ ಬಣ್ಣ ಕೆಳಗೆ ಕಪ್ಪು, ಹಾಗೇ ಮೂಸಿದ್ರೆ ಅಂಥಾ ಪರಿಮಳ ಏನೂ ಇರಲ್ಲ, ಬಿಸಿ ಎಣ್ಣೆಗೆ ಬಿದ್ದ ತಕ್ಷಣ ಮನೆಯೆಲ್ಲ ಘಮ್ ಅನ್ನುತ್ತೆ, ಅದೇ. ಅದು ಬೆಟ್ಟದ ಕಡೆ ಮರ, ಬಂಡೆ ಮೇಲೆ ಎಲೆ ಎಲೆಯಾಗಿ ಬೆಳೆಯೋ ಜಾತಿ. ಲಾಲ್‌ಬಾಗ್‌ನಲ್ಲಿರೋದು ಕಲ್ಲಿಗೆ ಬಣ್ಣ ಬಳಿದ ಹಾಗೆ ಅಂಟ್ಕೊಂಡಿರೋ ಜಾತಿ. ಇಂಗ್ಲಿಷಲ್ಲಿ ಎರಡಕ್ಕೂ ಲೈಕನ್ ಅಂತಾರೆ. ನಂಗೆ ಮಾತ್ರ ನಮ್ಮ ಹೆಸರೇ ಇಷ್ಟ, ಯಾಕಂದ್ರೆ ಇದಕ್ಕೆ ಹೂವು ಅಂತ ಹೆಸರಿಟ್ಟವರು ಯಾರೋ ಮೊದ್ಲು ಬಗ್ಗಿ ನೋಡಿರ್ಲೇಬೇಕು.

ನಿಜ ಹೇಳ್ಬೇಕಂದ್ರೆ ಇದು ಹೂವೂ ಅಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರ, ಒಂದು ಪಾಚಿ, ಇಬ್ರೂ ಸೇರಿ ಮಾಡಿರೋ ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತೆ, ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತೆ. ಬೇರು ಇಲ್ಲ, ಮಣ್ಣು ಬೇಡ. ಬಂಡೆ ಮೇಲಿನ ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆದ್ರೆ ಹೆಚ್ಚು. ಅಂದ್ರೆ ಅಂಗೈಯಷ್ಟು ಅಗಲದ ಒಂದು ಮಚ್ಚೆ ನಮ್ಮ ನಿಮ್ಮೆಲ್ಲರಿಗಿಂತ ದೊಡ್ಡೋರಾಗಿರ್ಬೋದು. ಅದು ಗೊತ್ತಾದ್ಮೇಲೆ ಅದ್ರ ಮೇಲೆ ಕಾಲಿಡೋಕೇ ಮನಸ್ಸು ಬರ್ತಿಲ್ಲ.

ಈಗ ಈ ಶಾಟ್ ನೋಡಿ. ಒಣಗಿರೋವಾಗ ಸಪ್ಪೆ ಬೂದಿ. ನಾನು ಬಾಟಲಿಯಿಂದ ನಾಲ್ಕೇ ಹನಿ ನೀರು ಬಿಟ್ಟೆ. ಹಸಿರು ಬಂತು, ಕಂಡ್ತಾ? ಇದಕ್ಕೆ ಎಡಿಟ್ ಮಾಡಿಲ್ಲ, ಫಿಲ್ಟರ್ ಹಾಕಿಲ್ಲ. ಒಣಗಿದಾಗ ಮೇಲಿನ ಪದರ ಮಂಜು ಗಾಜಿನ ತರ ಇರುತ್ತೆ, ನೀರು ಕುಡಿದ್ರೆ ತಿಳಿಯಾಗಿ ಒಳಗಿರೋ ಪಾಚಿ ಬಣ್ಣ ಹೊರಗೆ ಕಾಣುತ್ತೆ. ಅದಕ್ಕೇ ಇದರ ಫೋಟೋಗೆ ಮಳೆ ನಿಂತ ಹತ್ತು ನಿಮಿಷಕ್ಕಿಂತ ಒಳ್ಳೆ ಟೈಮ್ ಇಲ್ಲ. ಮೋಡದ ಬೆಳಕು, ನೆರಳು ಗಟ್ಟಿ ಬೀಳಲ್ಲ. ಕ್ಯಾಮೆರಾ ದೊಡ್ಡದು ಬೇಡ, ನಂದು ಫೋನು, ಅದಕ್ಕೆ ಕ್ಲಿಪ್ ಹಾಕೋ ಮ್ಯಾಕ್ರೋ ಲೆನ್ಸ್, ಅಂದ್ರೆ ತೀರಾ ಹತ್ರದಿಂದ ತೆಗೆಯೋ ಲೆನ್ಸ್. ಒಂದೇ ವಿಷ್ಯ, ಫೋನ್‌ನ ಬಂಡೆಗೆ ಸಮಾನಾಂತರವಾಗಿ ಹಿಡೀಬೇಕು, ಸ್ವಲ್ಪ ವಾಲಿದ್ರೂ ಅರ್ಧ ಮಸುಕಾಗುತ್ತೆ. ಉಸಿರು ಬಿಗಿ ಹಿಡಿದು ತೆಗೀತೀನಿ ನಾನು.

ಇರ್ವಿಂಗ್ ಪೆನ್ ಅಂತ ಒಬ್ರು ಅಮೆರಿಕದ ಫೋಟೋಗ್ರಾಫರ್ ಇದ್ರು, ವೋಗ್ ಪತ್ರಿಕೆಗೆ ಫ್ಯಾಷನ್ ಫೋಟೋ ತೆಗೀತಿದ್ದೋರು. ಅವ್ರು 1972ರಲ್ಲಿ ನ್ಯೂಯಾರ್ಕ್ ಬೀದೀಲಿ ಬಿದ್ದಿದ್ದ ಸಿಗರೇಟ್ ತುಂಡುಗಳನ್ನ ಸ್ಟುಡಿಯೋಗೆ ತಂದು, ಮಾಡೆಲ್‌ಗಳಿಗೆ ಕೊಡೋ ಅಷ್ಟೇ ಗಮನ ಕೊಟ್ಟು ಫೋಟೋ ತೆಗೆದು, ಪ್ಲಾಟಿನಂ ಪ್ರಿಂಟ್ ಹಾಕಿದ್ರು, ಅಂದ್ರೆ ಬೆಳ್ಳಿ ಬದಲು ಪ್ಲಾಟಿನಂ ಲೋಹ ಬಳಸಿ ಮಾಡೋ ದುಬಾರಿ ಪ್ರಿಂಟ್. 1975ರಲ್ಲಿ ಅವು ಅಲ್ಲಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಗೋಡೆ ಮೇಲಿದ್ವು. ಸಿಗರೇಟು ಚಂದ ಅಂತ ಅಲ್ಲ, ತುಳಿದು ಹೋಗೋ ವಸ್ತುಗೂ ಅಷ್ಟು ಟೈಮ್ ಕೊಟ್ರಲ್ಲ, ನಂಗೆ ಅದು ಮುಖ್ಯ.

ಲಾಲ್‌ಬಾಗ್ ಆದ್ಮೇಲೆ ಹುಚ್ಚೇ ಹಿಡೀತು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ರ ನಮ್ಮ ನೆಂಟರ ತೋಟಕ್ಕೆ ಹೋದಾಗ ಅಡಿಕೆ ಮರದ ಮೈಮೇಲಿನ ಬಿಳಿ ಮಚ್ಚೆಗಳನ್ನ ಮೊದಲ ಸಲ ಹತ್ರದಿಂದ ನೋಡಿದೆ. ಚಿಕ್ಕೋನಿದ್ದಾಗಿಂದ ಅದೇ ಮರಗಳ ಮಧ್ಯೆ ಓಡಾಡಿದೀನಿ, ಯಾವ್ದೋ ರೋಗ ಅನ್ಕೊಂಡಿದ್ದೆ. ರೋಗ ಅಲ್ಲ, ಇವೂ ಕಲ್ಲುಹೂವಿನ ನೆಂಟರೇ, ಮರದಿಂದ ಏನೂ ಕಿತ್ಕೊಂಡು ತಿನ್ನಲ್ಲ, ಸುಮ್ನೆ ಕೂರೋಕೆ ಜಾಗ ಅಷ್ಟೇ. ಅದ್ರಲ್ಲಿ ಗ್ರಾಫಿಸ್ ಅನ್ನೋ ಒಂದು ಗುಂಪಿದೆ, ಈ ಫೋಟೋ ಅದೇ. ಬಿಳಿ ಹಾಳೆ ಮೇಲೆ ಯಾರೋ ಸಣ್ಣ ನಿಬ್ಬಲ್ಲಿ ಬರೆದ ಹಾಗೆ ಕಪ್ಪು ಗೆರೆಗಳು, ವಂಕಿ ವಂಕಿಯಾಗಿ. ಬೀಜಾಣು ಹೊರಗೆ ಬರೋ ಸೀಳುಗಳು ಅವು. ದೊಡ್ಡದು ಮಾಡಿ ನೋಡಿದ್ರೆ ಹಳೇ ಶಾಸನದ ಕಲ್ಲು ಓದೋಕೆ ಕೂತ ಹಾಗಾಗುತ್ತೆ. ಅಜ್ಜಿಗೆ ತೋರಿಸ್ದೆ, ಕನ್ನಡಕ ಹಾಕ್ಕೊಂಡು ತುಂಬ ಹೊತ್ತು ನೋಡಿ, "ಏನು ಬರೆದಿದೆಯೋ?" ಅಂದ್ರು.

ಒಂದು ಬೇಜಾರಿನ ವಿಷ್ಯನೂ ಇದೆ. ನಮ್ಮ ಕಡೆ ಒಂದು ಹಳೇ ದೇವಸ್ಥಾನದ ಕಲ್ಲಿನ ಮೆಟ್ಟಿಲ ಮೇಲೆ ಈ ಹೂವು ತುಂಬ ಇತ್ತು, ದುಂಡು ದುಂಡಾಗಿ, ರಂಗೋಲಿ ಇಟ್ಟ ಹಾಗೆ. ಮುಂದಿನ ಸಲ ಕ್ಯಾಮೆರಾ ತರ್ತೀನಿ ಅನ್ಕೊಂಡು ಬಂದೆ. ಮತ್ತೆ ಹೋಗೋ ಅಷ್ಟೊತ್ತಿಗೆ ಕ್ಲೀನಿಂಗ್ ಅಂತ ಆಸಿಡ್ ಹಾಕಿ ತೊಳೆದಿದ್ರು. ಮೆಟ್ಟಿಲು ಬೆಳ್ಳಗಿತ್ತು, ಜಾರಬಾರ್ದು ಅಂತ ಮಾಡಿರ್ತಾರೆ, ತಪ್ಪು ಅನ್ನೋಕಾಗಲ್ಲ. ಆದ್ರೂ ನಂಗೆ ಅಲ್ಲಿ ಕೂರೋಕಾಗ್ಲಿಲ್ಲ.

ಅದಕ್ಕೇ ಈಗ ಒಂದು ಕೆಲಸ ಶುರು ಮಾಡಿದೀನಿ. ಲಾಲ್‌ಬಾಗ್ ಬಂಡೆ ಮೇಲೆ ಒಂದು ಬಿರುಕಿನ ಪಕ್ಕ ಇರೋ ಒಂದೇ ಒಂದು ಮಚ್ಚೆ ಆರಿಸ್ಕೊಂಡಿದೀನಿ, ವೀಡಿಯೋ ಶುರುವಲ್ಲಿ ದ್ವೀಪ ಅಂತ ತೋರಿಸಿದ್ದು ಅದೇ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಪ್ರತಿ ವರ್ಷ ಆಗಸ್ಟಲ್ಲಿ ಅದೇ ಆ್ಯಂಗಲ್‌ನಿಂದ ಒಂದು ಫೋಟೋ. ಇದು ಮೊದಲನೇದು. ತೆಗೆದು ಫೋನ್ ಒಳಗಿಟ್ಟೆ, ಅಷ್ಟರಲ್ಲಿ ಹನಿ ಶುರುವಾಯ್ತು, ಜನ ಎಲ್ಲ ಕೆಳಗೆ ಓಡಿದ್ರು. ನಾನು ಫೋನ್ ಮತ್ತೆ ತೆಗ್ದೆ. ಮ್ಯೂಸಿಕ್ ಏನೂ ಹಾಕಲ್ಲ ಇದಕ್ಕೆ, ಮಳೆ ಸೌಂಡ್ ಹಾಗೇ ಬಿಟ್ಟಿದೀನಿ. ನೋಡಿ, ಎಡಗಡೆ ಅಂಚಿಂದ ಹಸಿರು ಬರ್ತಾ ಇದೆ.