ಪ್ರಿಂಟರ್ ನಮ್ಮದು, ಇಂಕ್ ಯಾವುದು ಅಂತ ಹೇಳೋಕೆ ಇವರ್ಯಾರು?

ನಮಸ್ಕಾರ, ಚಿಕ್ಕಮಗಳೂರಿನಿಂದ ಮಾತಾಡುತ್ತಿದ್ದೇನೆ. ಇವತ್ತಿಗೆ ಬೇರೆ ವಿಷಯ ಇತ್ತು, ಪಕ್ಕಕ್ಕಿಟ್ಟೆ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಕಂಪನಿ ಇಂಕ್ ತಗೊಳ್ಳೋ ಯೋಗ್ಯತೆ ಇಲ್ಲದವರು ಪ್ರಿಂಟರ್ ಯಾಕೆ ಇಟ್ಕೋಬೇಕು?"

ಯೋಗ್ಯತೆ! ಸ್ವಾಮಿ, ದುಡ್ಡು ಕೊಟ್ಟವರು ನಾವು. ಬಿಲ್ ನಮ್ಮ ಹೆಸರಲ್ಲಿದೆ. ಪ್ರಿಂಟರ್ ನಮ್ಮದು, ಇಂಕ್ ಯಾವುದು ಅನ್ನೋದು ನಮ್ಮಿಷ್ಟ.

ಐಜಿ ರಸ್ತೆ ಕಡೆ ನನಗೆ ಗೊತ್ತಿರುವ ಒಂದು ಜೆರಾಕ್ಸ್ ಅಂಗಡಿ ಇದೆ. ಅಲ್ಲಿನ ಕಲರ್ ಪ್ರಿಂಟರ್‌ಗೆ ಬೇರೆ ಕಂಪನಿಯ ಕಾರ್ಟ್ರಿಜ್, ಅಂದರೆ ಇಂಕ್ ಡಬ್ಬಿ, ಹಾಕಿದ್ದರು. ಚೆನ್ನಾಗಿ ಓಡುತ್ತಿತ್ತು. ರಾತ್ರಿ ಅದೇನೋ ಅಪ್‌ಡೇಟ್ ಬಂತು, ಬೆಳಗ್ಗೆ ಕಾರ್ಟ್ರಿಜ್ ಒಪ್ಪಲ್ಲ ಅಂತ ನಿಂತಿತು. ತೆಗೆದರು, ಒರೆಸಿದರು, ಮತ್ತೆ ಹಾಕಿದರು. ಅದೇ ದೀಪ ಮಿನುಗುತ್ತಿದೆ. ಒಳಗೆ ಇಂಕ್ ಹಾಗೇ ಇದೆ! ಎದುರಿಗೆ ಪ್ರಾಜೆಕ್ಟ್ ಪ್ರಿಂಟ್‌ಗೆ ಬಂದ ಕಾಲೇಜು ಹುಡುಗಿ, ಫೋಟೋಗೆ ಅಂತ ಮಲ್ಲಂದೂರು ಕಡೆಯಿಂದ ಬಸ್ ಹತ್ತಿ ಬಂದ ಅಜ್ಜ. ಇಬ್ಬರೂ ಬರಿಗೈಲಿ ವಾಪಸ್.

ಇದು ಹೊಸದೇನಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿ ಆಫೀಸ್‌ಜೆಟ್ ಪ್ರಿಂಟರ್‌ಗಳು ಬೇರೆಯವರ ಕಾರ್ಟ್ರಿಜ್‌ಗಳನ್ನು ಇದ್ದಕ್ಕಿದ್ದಂತೆ ಬೇಡ ಅಂದವು. ಜನ ತಿರುಗಿಬಿದ್ದ ಮೇಲೆ ಕಂಪನಿ ಆ ತಡೆ ತೆಗೆಯುವ ಫರ್ಮ್‌ವೇರ್, ಅಂದರೆ ಪ್ರಿಂಟರ್ ಒಳಗಿನ ಸಾಫ್ಟ್‌ವೇರ್, ಕೊಟ್ಟಿತು. ಹಾಗಂತ ಬಿಟ್ಟರಾ? ಇಲ್ಲ. 'ಡೈನಾಮಿಕ್ ಸೆಕ್ಯುರಿಟಿ' ಅನ್ನುವ ಹೆಸರಲ್ಲಿ ಆ ಪದ್ಧತಿ ಮುಂದುವರಿಯಿತು. 2024ರ ಜನವರಿಯಲ್ಲಿ ಆ ಕಂಪನಿಯ ಆಗಿನ ಮುಖ್ಯಸ್ಥ ಎನ್ರಿಕೆ ಲೋರೆಸ್ ಟಿವಿಯಲ್ಲಿ ಕೂತು, ಕಾರ್ಟ್ರಿಜ್‌ನಿಂದ ಪ್ರಿಂಟರ್‌ಗೆ, ಅಲ್ಲಿಂದ ನೆಟ್‌ವರ್ಕ್‌ಗೆ ವೈರಸ್ ಬರಬಹುದು ಅಂದರು. ಅದೇ ಹಳೇ ಕಾರ್ಟ್ರಿಜ್, ಅದೇ ಕಂಪನಿ ಚಿಪ್, ಅದಕ್ಕೆ ಸಿರಿಂಜ್‌ನಲ್ಲಿ ಇಂಕ್ ತುಂಬಿದರೆ ವೈರಸ್ ಎಲ್ಲಿಂದ ಬರುತ್ತದೆ ಹೇಳಿ?

"ಬೇರೆ ಇಂಕ್ ಹಾಕಿದರೆ ಹೆಡ್ ಹಾಳಾಗುತ್ತೆ ಸಾರ್" ಅನ್ನುವವರಿಗೆ ಒಂದು ಮಾತು. ಹೆಡ್ ಅಂದರೆ ಪೇಪರ್ ಮೇಲೆ ಇಂಕ್ ಚಿಮ್ಮಿಸುವ ಭಾಗ. ಮನೆಗೆ ತರುವ ಸಣ್ಣ ಎಚ್‌ಪಿ, ಕ್ಯಾನನ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ಹೆಡ್ ಇರೋದು ಕಾರ್ಟ್ರಿಜ್‌ನಲ್ಲೇ. ತಿರುಗಿಸಿ ನೋಡಿ, ಅಡಿಯಲ್ಲಿ ಸಣ್ಣ ಲೋಹದ ಪಟ್ಟಿ ಕಾಣುತ್ತದೆ. ಅದರ ಕಣ್ಣಿಗೆ ಕಾಣದ ತೂತುಗಳಿಂದಲೇ ಇಂಕ್ ಚಿಮ್ಮುವುದು. ಅದು ಕಟ್ಟಿಕೊಂಡರೆ ಹೋಗೋದು ಕಾರ್ಟ್ರಿಜ್, ಪ್ರಿಂಟರ್ ಅಲ್ಲ. ಆ ಹೆಡ್ ಇಂಕನ್ನು ಬಿಸಿ ಮಾಡಿ ಚಿಮ್ಮಿಸುತ್ತದೆ. ಪೂರ್ತಿ ಖಾಲಿಯಾದ ಮೇಲೂ ಪ್ರಿಂಟ್ ಕೊಟ್ಟರೆ ಸುಟ್ಟುಹೋಗುತ್ತದೆ. ಅದಕ್ಕೇ ಅಕ್ಷರ ಮಸುಕಾದ ತಕ್ಷಣ ತುಂಬಿಸಿ. ಕಾರ್ಟ್ರಿಜ್ ಮೇಲಿನ ಸ್ಟಿಕ್ಕರ್ ಎತ್ತಿ, ಒಳಗಿನ ಸ್ಪಂಜು ಕುಡಿಯುವಷ್ಟು ನಿಧಾನಕ್ಕೆ ಇಂಕ್ ಬಿಡಿ, ಅಡಿಗೆ ಟಿಶ್ಯೂ ಒತ್ತಿ. ಕಲರ್ ಆದರೆ ಟಿಶ್ಯೂ ಮೇಲೆ ನೀಲಿ, ಗುಲಾಬಿ, ಹಳದಿಯ ಮೂರು ಗೆರೆ ಬೇರೆ ಬೇರೆ ಮೂಡಬೇಕು. ಎಪ್ಸನ್‌ನಲ್ಲಿ ಹೆಡ್ ಪ್ರಿಂಟರ್‌ನಲ್ಲೇ ಇರುತ್ತದೆ, ನಿಜ. ಅಲ್ಲಿ ಒಳ್ಳೇ ಇಂಕ್ ಹಾಕಿ. ಆದರೆ ಅದನ್ನು ಆರಿಸೋದೂ ನೀವೇ!

"ವಾರಂಟಿ ಹೋಗುತ್ತೆ" ಅಂತ ಹೆದರಿಸುವವರೂ ಇದ್ದಾರೆ. ಪೇಪರ್ ಎಳೆಯುವ ರೋಲರ್ ಸವೆದರೆ ಅದಕ್ಕೆ ಇಂಕ್ ಏನು ಮಾಡಿತು? "ಕಾರ್ಟ್ರಿಜ್ ಬಿಟ್ಟು, ಬಾಟಲಿಯಿಂದ ಇಂಕ್ ಸುರಿಯುವ ಇಂಕ್ ಟ್ಯಾಂಕ್ ಪ್ರಿಂಟರ್ ತಗೊಳ್ಳಿ" ಅನ್ನುವವರು ಇನ್ನೊಂದಷ್ಟು ಜನ. ಓಡುತ್ತಿರುವ ಪ್ರಿಂಟರ್ ಯಾಕ್ರೀ ಎಸೆಯಬೇಕು? ಜನ ಮೊದಲೇ ಪೈಪ್ ಹಾಕಿ ಹೊರಗಿನಿಂದ ಇಂಕ್ ಕೊಡುತ್ತಿದ್ದರು. ಎಪ್ಸನ್ 2010ರಲ್ಲಿ ಇಂಡೋನೇಷ್ಯಾದಲ್ಲಿ ಟ್ಯಾಂಕ್ ಪ್ರಿಂಟರ್ ಬಿಟ್ಟಿದ್ದು ಆಮೇಲೆ.

ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಲೆಕ್ಸ್‌ಮಾರ್ಕ್ ಅನ್ನುವ ಪ್ರಿಂಟರ್ ಕಂಪನಿಯ ಕೇಸಿನಲ್ಲಿ ಏನು ಹೇಳಿತು ಗೊತ್ತಾ? ಕಾರ್ಟ್ರಿಜ್ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತು ಅಂತ. ಅದು ಟೋನರ್, ಅಂದರೆ ಲೇಸರ್ ಪ್ರಿಂಟರ್‌ನ ಪುಡಿ ಇಂಕ್, ಕೇಸು; ಅವರ ದೇಶದ ಕಾನೂನು. ಆದರೆ ಮಾತು ನ್ಯಾಯದ್ದು ಅಲ್ವಾ? ಮಾರಿದಿರಿ, ದುಡ್ಡು ಎಣಿಸಿಕೊಂಡಿರಿ, ಮುಗೀತು! ಆಮೇಲೆ ರಾತ್ರೋರಾತ್ರಿ ನಮ್ಮ ಮನೆ ಪ್ರಿಂಟರ್ ಒಳಗೆ ಕೈ ಹಾಕೋಕೆ ನಿಮಗೇನು ಹಕ್ಕು? ನಮ್ಮದು ಅಂದರೆ ನಮ್ಮದು!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಮುಂದಿನ ವಿಡಿಯೋದಲ್ಲಿ ಕಾರ್ಟ್ರಿಜ್ ತುಂಬೋದನ್ನು ಹತ್ತಿರದಿಂದ ತೋರಿಸುತ್ತೇನೆ. ನಿಮ್ಮ ಕಾರ್ಟ್ರಿಜ್ ನಂಬರ್ ಕಾಮೆಂಟ್‌ನಲ್ಲಿ ಹಾಕಿ. ಯೋಗ್ಯತೆ ಕೇಳಿದವರೂ ಹಾಕಿ, ನಿಮ್ಮದನ್ನೂ ತುಂಬಿಸಿ ತೋರಿಸೋಣ. ಪ್ರಿಂಟರ್‌ನ ಆಟೋ ಅಪ್‌ಡೇಟ್ ಇವತ್ತೇ ಆಫ್ ಮಾಡಿ. ಕಂಪನಿಯ ಹಳೇ ಕಾರ್ಟ್ರಿಜ್ ಮಾತ್ರ ಸುಮ್ನೆ ಎಸೆಯಬೇಡಿ, ಒಣಗದ ಹಾಗೆ ಮುಚ್ಚಳದ ಡಬ್ಬಿಯಲ್ಲಿಡಿ.