ಕೊಳದ ಮೀನು ಗಿಡ್ಡಾಗುವುದೇಕೆ?

ಕೇಳುಗರಿಗೆ ನಮಸ್ಕಾರ.

ಚಿಕ್ಕ ಕೊಳ. ಗಾಳ ಬಿಟ್ಟ ತಕ್ಷಣ ಮೀನು ಕಚ್ಚುತ್ತದೆ. ಎಳೆದರೆ ಅಂಗೈಯಷ್ಟೂ ಇಲ್ಲ. ಮತ್ತೆ ಬಿಟ್ಟರೆ ಅಷ್ಟೇ ಉದ್ದದ ಇನ್ನೊಂದು. ಕೈಯಲ್ಲಿ ಹಿಡಿದು ನೋಡಿ: ದೇಹಕ್ಕೆ ಹೊಂದದಷ್ಟು ದೊಡ್ಡ ಕಣ್ಣು, ಬೆನ್ನಿಗಂಟಿದ ಹೊಟ್ಟೆ. ಮರಿಯೆಂದು ನೀರಿಗೆ ಬಿಟ್ಟುಬಿಡುತ್ತೇವೆ. ಎಷ್ಟೋ ಸಲ ಅದು ಮರಿಯೇ ಅಲ್ಲ, ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಬದುಕಿ ಗಿಡ್ಡಾಗಿ ಉಳಿದ ಮೀನು.

ಬೇರೆ ಮೀನನ್ನು ತಿನ್ನುವ ಮೀನು ಕಡಿಮೆಯಾದರೆ ಸಣ್ಣವು ಕಿಕ್ಕಿರಿದು, ಯಾವುದಕ್ಕೂ ಮೇವು ಸಾಲದೆ ಹೀಗಾಗುತ್ತದೆ. ಅಮೆರಿಕದ ಅಲಬಾಮಾದಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ ಕೊಳಗಳ ನೀರು ಬಸಿದು, ಒಳಗಿದ್ದ ಮೀನನ್ನೆಲ್ಲ ತೂಗಿ, 1950ರಲ್ಲಿ ಲೆಕ್ಕ ಪ್ರಕಟಿಸಿದರು. ಅಲ್ಲಿ ತಿನ್ನುವ ಮೀನು ಬಾಸ್, ಅದರ ಆಹಾರ ಬ್ಲೂಗಿಲ್. ಒಂದು ಕಿಲೋ ತಿನ್ನುವ ಮೀನಿಗೆ 3ರಿಂದ 6 ಕಿಲೋ ಆಹಾರದ ಮೀನು ಇದ್ದರೆ ಕೊಳ ಹದವಾಗಿರುತ್ತದೆ ಎಂದು ಅವರು ಕಂಡುಕೊಂಡರು.

ತೂಕ ಸರಿಯಿದ್ದರೂ ಸಾಲದು, ಬಾಯಿಗೆ ಹಿಡಿಸಬೇಕು. ಬಾಸ್ ತನ್ನ ಬೇಟೆಯನ್ನು ಇಡಿಯಾಗಿ ನುಂಗುತ್ತದೆ. ಗಂಟಲಲ್ಲಿ ಇಳಿಯದಷ್ಟು ಅಗಲವಾದ ಬ್ಲೂಗಿಲ್ ಎದುರಿಗೇ ಈಜಿದರೂ ಅದು ಉಪವಾಸ. ಕಳೆ ದಟ್ಟವಾಗಿದ್ದರಂತೂ ಸಣ್ಣವೆಲ್ಲ ಅದರೊಳಗೆ ಅಡಗಿಬಿಡುತ್ತವೆ.

ಇನ್ನೊಂದು ತಮಾಷೆಯಿದೆ, ಬಾಸ್‌ಗೆ ಮಾತ್ರ ತಮಾಷೆಯಲ್ಲ. ಬ್ಲೂಗಿಲ್ ಕಿಕ್ಕಿರಿದರೆ ಗುಂಪಾಗಿ ನುಗ್ಗಿ ಬಾಸ್‌ನ ಮೊಟ್ಟೆಗಳನ್ನೇ ತಿಂದು ಮುಗಿಸುತ್ತವೆ. ಬೇಟೆಗಾರನ ಸಂತತಿಯೇ ನಿಲ್ಲುತ್ತದೆ, ಸಣ್ಣವುಗಳ ಜಾತ್ರೆ ಇನ್ನೂ ಹೆಚ್ಚುತ್ತದೆ. ಆಗ ಅನೇಕರು ಮೇವು ಸುರಿಯುತ್ತಾರೆ. ನನ್ನನ್ನು ಕೇಳಿದರೆ, ಅದು ಗರ್ದಿಗೆ ಇನ್ನಷ್ಟು ಬಾಯಿ ಸೇರಿಸಿದಂತೆ. ಮಾಡಬೇಕಾದದ್ದು ಬಲೆ ಬೀಸಿ ಸಣ್ಣವನ್ನು ಹೇರಳವಾಗಿ ಹೊರತೆಗೆಯುವುದು, ಗಾಳಕ್ಕೆ ಸಿಕ್ಕ ಬಾಸನ್ನು ಮರಳಿ ನೀರಿಗೆ ಬಿಡುವುದು.

ಉಲ್ಟಾ ಆಗುವುದೂ ಉಂಟು. ಸಿಕ್ಕುವ ಬಾಸ್ ಎಲ್ಲ ಒಂದೇ ಅಳತೆ, ಸೊರಗಿದ ಮೈ. ಬ್ಲೂಗಿಲ್ ಅಪರೂಪ, ಆದರೆ ಅಂಗೈ ತುಂಬುವಷ್ಟು ದಪ್ಪ. ಅಲ್ಲಿ ಬಾಸನ್ನೇ ಹಿಡಿದು ಕಡಿಮೆ ಮಾಡಬೇಕು. ಹಿಡಿದದ್ದನ್ನೆಲ್ಲ ಬಿಟ್ಟುಬಿಡುವ ಒಳ್ಳೆಯತನ ಇಲ್ಲಿ ಕೆಲಸಕ್ಕೆ ಬಾರದು.

ಹೊಸ ಕೊಳವಾದರೆ ಮೊದಲು ಆಹಾರದ ಮೀನಿನ ಮರಿ ಬಿತ್ತಬೇಕು. ಅವು ಬೆಳೆದು ಮೊಟ್ಟೆಯಿಡುವ ಹೊತ್ತಿಗೆ ಬಾಸ್ ಮರಿ ಬಿಟ್ಟರೆ, ಇವಕ್ಕೆ ತುತ್ತು ಸಿದ್ಧವಿರುತ್ತದೆ.

ಬೇಸಿಗೆ ಸರಿಯುವ ಮುನ್ನ ದಡದ ತೆಳು ನೀರಿನಲ್ಲಿ ಸಣ್ಣ ಕಣ್ಣಿನ ಬಲೆ ಎಳೆದು ನೋಡಿ. ಎರಡೂ ಜಾತಿಯ ಆ ವರ್ಷದ ಮರಿಗಳು ಬಲೆಯಲ್ಲಿ ಮಿಂಚಿದರೆ ಬಲೆ ಮಡಿಸಿಟ್ಟು ಗಾಳ ಹಿಡಿಯಬಹುದು. ನಮಸ್ಕಾರ.