ಬಾಗಿಲು ತಟ್ಟುವವರು

ಸ್ನೇಹಿತರೇ,

ಇನ್ನು ಸ್ವಲ್ಪ ಹೊತ್ತಿನಲ್ಲಿ ಈ ಪರದೆಯ ಮೇಲೆ ನೀವು ನೋಡಲಿರುವುದು ಪೋಲಿಷ್ ನಿರ್ದೇಶಕ ಕ್ರಿಸ್ಟೋಫ್ ಕೀಶ್ಲೋವ್‌ಸ್ಕಿಯವರ ‘ತ್ರೀ ಕಲರ್ಸ್: ಬ್ಲೂ’. 1993ರ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪ್ರಶಸ್ತಿ ಪಡೆದ ಚಿತ್ರ ಇದು; ನಾಯಕಿ ಜೂಲಿಯೆಟ್ ಬಿನೋಶ್ ಅವರಿಗೆ ಅಲ್ಲಿಯೇ ಅತ್ಯುತ್ತಮ ನಟಿ ಪ್ರಶಸ್ತಿಯೂ ಸಂದಿತು. ನಿಮ್ಮಲ್ಲಿ ಬಹುತೇಕರು ಇದನ್ನು ಈ ಮೊದಲೇ ನೋಡಿದ್ದೀರಿ, ಆದ್ದರಿಂದ ಕಥೆಯನ್ನು ಮುಚ್ಚಿಟ್ಟುಕೊಂಡು ಮಾತನಾಡುವ ಕಷ್ಟ ನನಗಿಲ್ಲ.

ಪ್ರೀತಿಪಾತ್ರರ ಸಾವಿನ ನಂತರ ಉಳಿದವರ ಬದುಕನ್ನು ಕುರಿತ ಚಿತ್ರಗಳನ್ನು ನೋಡುತ್ತ ಬಂದಂತೆ ನನ್ನಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. ಆಪ್ತರನ್ನು ಕಳೆದುಕೊಂಡವರು ಮತ್ತೆ ಬದುಕಲು ತೊಡಗುವುದು ತಮ್ಮ ಸಂಕಲ್ಪಬಲದಿಂದ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಒಳ್ಳೆಯ ಚಿತ್ರಗಳು ಹಾಗೆ ಹೇಳುವುದಿಲ್ಲ. ಯಾರೋ ಒಬ್ಬರು ತಮ್ಮದೇ ಕಷ್ಟ ಹೊತ್ತುಕೊಂಡು ಬಂದು ಬಾಗಿಲು ತಟ್ಟುತ್ತಾರೆ. ಒಳಗಿದ್ದವರು ಮನಸ್ಸಿಲ್ಲದೆಯೇ ಎದ್ದು ಹೋಗಿ ತೆರೆಯುತ್ತಾರೆ. ಹೊಸ ಬದುಕೆಂಬುದು ಅಲ್ಲಿ ಶುರುವಾಗುತ್ತದೆ. ಸಾಧಾರಣ ಚಿತ್ರಗಳಲ್ಲಿ ಇದಕ್ಕೆಲ್ಲ ವ್ಯವಧಾನವಿರುವುದಿಲ್ಲ. ಒಂದು ಹಾಡು ಮುಗಿಯುವುದರೊಳಗೆ ಋತುಗಳು ಬದಲಾಗುತ್ತವೆ, ನಾಯಕ ಗಡ್ಡ ತೆಗೆಸಿಕೊಳ್ಳುತ್ತಾನೆ, ಕೊನೆಯ ಚರಣದ ಹೊತ್ತಿಗೆ ನಗಲು ಕಲಿತಿರುತ್ತಾನೆ. ದುಃಖದಲ್ಲಿರುವವರಿಗೆ ಇದರಿಂದ ಅನ್ಯಾಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಅಷ್ಟು ಬೇಗ ಚೇತರಿಸಿಕೊಳ್ಳಲಾಗದವರು ತಮ್ಮಲ್ಲೇ ಏನೋ ಕೊರತೆಯಿದೆಯೆಂದು ಕೊರಗುವಂತಾಗುತ್ತದೆ.

‘ಬ್ಲೂ’ ಚಿತ್ರದ ಜ್ಯೂಲಿ ಕಾರು ಅಪಘಾತದಲ್ಲಿ ಸಂಗೀತ ಸಂಯೋಜಕನಾದ ಗಂಡನನ್ನೂ ಪುಟ್ಟ ಮಗಳನ್ನೂ ಕಳೆದುಕೊಂಡವಳು. ಸಾಯಲು ಹೋಗಿ ಆಗದೆ ಉಳಿದ ಮೇಲೆ ಅವಳು ಎಲ್ಲವನ್ನೂ ಕಳಚಿಹಾಕಲು ಹೊರಡುತ್ತಾಳೆ. ಮನೆಯನ್ನು ಮಾರಾಟಕ್ಕಿಡುತ್ತಾಳೆ, ಗಂಡ ಅರ್ಧಕ್ಕೆ ಬಿಟ್ಟ ಸಂಗೀತದ ಹಾಳೆಗಳನ್ನು ಕಸದ ಗಾಡಿಗೆ ಎಸೆಯುತ್ತಾಳೆ, ಪ್ಯಾರಿಸ್ಸಿನ ಜನನಿಬಿಡ ಬೀದಿಯೊಂದರಲ್ಲಿ ಯಾರಿಗೂ ಗುರುತಿಲ್ಲದವಳಂತೆ ವಾಸಿಸತೊಡಗುತ್ತಾಳೆ. ನೆನಪು, ಸ್ನೇಹ, ಪ್ರೀತಿ ಇವೆಲ್ಲ ಬಲೆಗಳು, ಇನ್ನು ತನಗೆ ಅವು ಬೇಡ ಎಂದು ಮರೆವಿಗೆ ಜಾರಿರುವ ತಾಯಿಯ ಮುಂದೆ ಹೇಳಿಕೊಳ್ಳುತ್ತಾಳೆ. ಹೊಸದಾಗಿ ಆರಂಭಿಸುವುದೆಂದರೆ ಹಳೆಯದನ್ನು ಪೂರ್ತಿಯಾಗಿ ಅಳಿಸಿಹಾಕುವುದು ಎಂದು ನಂಬಿದರೆ, ಅವಳಷ್ಟು ಚೊಕ್ಕವಾಗಿ ಆರಂಭಿಸಿದವರು ಬೇರೆ ಯಾರೂ ಸಿಗಲಾರರು. ಆದರೂ ಅವಳು ಒಂದು ಹೆಜ್ಜೆ ಮುಂದೆ ಹೋಗಿರುವುದಿಲ್ಲ. ಯಾರೋ ಅವಳನ್ನು ಮಾತನಾಡಿಸುತ್ತಾರೆ. ಪರದೆ ಕಪ್ಪಾಗುತ್ತದೆ, ಗಂಡನ ಸಂಗೀತ ಅಪ್ಪಳಿಸುತ್ತದೆ. ಬೆಳಕು ಮರಳಿದಾಗ ನಾವು ಅದೇ ಕ್ಷಣದಲ್ಲಿ ನಿಂತಿರುತ್ತೇವೆ. ಪರದೆ ಕಪ್ಪಾದರೆ ಕಾಲ ಸರಿಯಿತೆಂದು ತಿಳಿಯುವುದು ನಮ್ಮ ರೂಢಿ. ಇಲ್ಲಿ ಕಾಲ ಒಂದಿಷ್ಟೂ ಸರಿದಿರುವುದಿಲ್ಲ.

ಇಲ್ಲಿ ಆ ಸಕ್ಕರೆಯ ಪ್ರಸಂಗವನ್ನು ಹೇಳದೆ ನಾನು ಮುಂದೆ ಹೋಗಲಾರೆ. ಬಲ್ಲವರು ಇನ್ನೊಮ್ಮೆ ಕೇಳಬೇಕು. ಜ್ಯೂಲಿ ಕೆಫೆಯಲ್ಲಿ ಕುಳಿತಿದ್ದಾಳೆ. ಅವಳನ್ನು ಪ್ರೀತಿಸುವ ಒಲಿವಿಯೆ ಎಂಬಾತ ಬಹಳ ಹುಡುಕಾಡಿ ಅವಳ ಜಾಗ ಪತ್ತೆಹಚ್ಚಿ ಬಂದಿದ್ದಾನೆ. ಅವಳ ಗಮನವಾದರೋ ಬೆರಳುಗಳ ನಡುವೆ ಹಿಡಿದ ಒಂದು ಸಕ್ಕರೆಯ ತುಂಡಿನ ಮೇಲಿದೆ. ಪರದೆಯ ತುಂಬ ಆ ಬಿಳಿಯ ತುಂಡು, ಅದರ ಅಂಚು ಕಾಫಿಗೆ ತಾಕುತ್ತದೆ, ಕಂದು ಬಣ್ಣ ಮೆಲ್ಲಗೆ ಮೇಲೇರಿ ಇಡೀ ತುಂಡನ್ನು ಆವರಿಸುತ್ತದೆ. ಕೀಶ್ಲೋವ್‌ಸ್ಕಿಯವರು ಒಂದು ಸಂದರ್ಶನದಲ್ಲಿ ಇದನ್ನು ವಿವರಿಸಿದ್ದಾರೆ: ಸುತ್ತಲಿನ ಜನರಾಗಲಿ, ತನ್ನನ್ನು ಅರಸಿ ಬಂದ ಗಂಡಸಾಗಲಿ ತನಗೆ ಲೆಕ್ಕಕ್ಕಿಲ್ಲವೆಂದು ಅವಳು ತನ್ನ ಲೋಕವನ್ನು ಆ ತುಂಡಿನಷ್ಟಕ್ಕೆ ಕುಗ್ಗಿಸಿಕೊಳ್ಳುತ್ತಿದ್ದಾಳೆ. ಸಾಮಾನ್ಯವಾದ ಸಕ್ಕರೆಯ ತುಂಡು ನೆನೆಯಲು ಎಂಟು ಸೆಕೆಂಡು ತೆಗೆದುಕೊಳ್ಳುತ್ತಿತ್ತಂತೆ, ಅವರಿಗೆ ಬೇಕಾಗಿದ್ದದ್ದು ಐದು ಸೆಕೆಂಡು. ಅದಕ್ಕಿಂತ ಹೆಚ್ಚಾದರೆ ಪ್ರೇಕ್ಷಕರ ಸಹನೆ ಮೀರುತ್ತದೆ. ಹೀಗಾಗಿ ಅವರ ಸಹಾಯಕರು ಅರ್ಧ ದಿನ ಬಗೆಬಗೆಯ ಸಕ್ಕರೆಯ ತುಂಡುಗಳನ್ನು ಕಾಫಿಗೆ ಅದ್ದಿ ಅದ್ದಿ ನೋಡಬೇಕಾಯಿತು. ಕೊನೆಗೆ ಐದೂವರೆ ಸೆಕೆಂಡಿನಲ್ಲಿ ನೆನೆಯುವ ತುಂಡೊಂದು ಸಿಕ್ಕಿತು. ಆ ಅರ್ಧ ದಿನದ ಕಾಫಿಯನ್ನು ಯಾರು ಕುಡಿದರೋ ಎಂಬ ಕುತೂಹಲ ನನಗಿದೆ! ಆದರೆ ಈ ಕಸುಬಿನ ಹಿಂದೆ ಎಂತಹ ಗೌರವವಿದೆ ನೋಡಿ. ದುಃಖದಲ್ಲಿರುವ ಹೆಣ್ಣೊಬ್ಬಳ ಐದು ಸೆಕೆಂಡುಗಳನ್ನು ಅಳೆದು ತೂಗಿ ಹಿಡಿದ ನಿರ್ದೇಶಕ, ಅವಳ ಐದು ತಿಂಗಳನ್ನು ಒಂದು ಹಾಡಿನಲ್ಲಿ ಮುಗಿಸಿಬಿಡಲು ಹೇಗೆ ಒಪ್ಪಿಯಾನು?

ಇಷ್ಟು ಬಿಗಿಯಾಗಿ ಮುಚ್ಚಿಕೊಂಡ ಲೋಕದ ಬಾಗಿಲನ್ನು ತಟ್ಟುವವಳು ಲೂಸಿಲ್ ಎಂಬ ನೆರೆಮನೆಯ ಹುಡುಗಿ. ರಾತ್ರಿ ಕ್ಲಬ್ಬಿನಲ್ಲಿ ಕುಣಿಯುವುದು ಅವಳ ಕೆಲಸ. ಅವಳನ್ನು ಕಟ್ಟಡದಿಂದ ಹೊರಹಾಕಲು ಉಳಿದ ನಿವಾಸಿಗಳು ಸಹಿ ಸಂಗ್ರಹಿಸುವಾಗ ಜ್ಯೂಲಿ ಸಹಿ ಹಾಕುವುದಿಲ್ಲ. ಕರುಣೆಯಿಂದೇನೂ ಅಲ್ಲ, ತನಗೆ ಯಾರ ಉಸಾಬರಿಯೂ ಬೇಡವೆಂಬ ಕಾರಣಕ್ಕೆ. ಆದರೆ ಆ ಹುಡುಗಿ ಅದನ್ನೇ ಸ್ನೇಹವೆಂದು ತಿಳಿಯುತ್ತಾಳೆ, ಮತ್ತು ಒಂದು ರಾತ್ರಿ ಕ್ಲಬ್ಬಿನ ಪ್ರೇಕ್ಷಕರ ನಡುವೆ ತನ್ನ ತಂದೆಯನ್ನು ಕಂಡು ಕಂಗಾಲಾಗಿ ಜ್ಯೂಲಿಗೆ ಫೋನ್ ಮಾಡಿ ಬಾ ಎಂದು ಅಂಗಲಾಚುತ್ತಾಳೆ. ಜ್ಯೂಲಿ ಒಲ್ಲೆನೆನ್ನುತ್ತಲೇ ಟ್ಯಾಕ್ಸಿ ಹಿಡಿದು ಹೋಗುತ್ತಾಳೆ. ಅಲ್ಲಿಯ ಟಿವಿಯಲ್ಲಿ ಅವಳ ಗಂಡನ ಕುರಿತ ಕಾರ್ಯಕ್ರಮವೊಂದು ಬರುತ್ತಿರುತ್ತದೆ. ಅದರಲ್ಲಿ ಅವನ ಪಕ್ಕದಲ್ಲಿ ಇನ್ನೊಬ್ಬ ಹೆಂಗಸಿನ ಚಿತ್ರ. ಗಂಡನಿಗೆ ಬೇರೊಂದು ಸಂಬಂಧವಿತ್ತೆಂಬುದು, ಅರ್ಧಕ್ಕೆ ನಿಂತ ಸಂಗೀತವನ್ನು ಒಲಿವಿಯೆ ಮುಂದುವರಿಸಹೊರಟಿದ್ದಾನೆಂಬುದು ಅವಳಿಗೆ ತಿಳಿಯುವುದು ಹೀಗೆ. ಮುಂದಿನದೆಲ್ಲವೂ, ಆ ಸಂಗೀತವನ್ನು ಪೂರ್ಣಗೊಳಿಸಲು ಅವಳೇ ಕೈಹಾಕುವುದೂ, ಗಂಡನ ಮಗುವನ್ನು ಹೊತ್ತಿರುವ ಆ ಹೆಂಗಸಿಗೆ ಮಾರದೆ ಉಳಿದ ಮನೆಯನ್ನು ಕೊಟ್ಟುಬಿಡುವುದೂ, ಆ ರಾತ್ರಿ ಅವಳು ಟ್ಯಾಕ್ಸಿ ಹತ್ತಿದ್ದರಿಂದ ಆದದ್ದು. ತನಗಾಗಿ ಅವಳು ಆ ಹೊತ್ತಿನಲ್ಲಿ ಹಾಸಿಗೆಯಿಂದ ಏಳುತ್ತಿರಲಿಲ್ಲ.

ಸತ್ಯಜಿತ್ ರಾಯ್ ಅವರು 1959ರಲ್ಲೇ ಇದನ್ನು ತೋರಿಸಿದ್ದರು. ‘ಅಪುರ್ ಸಂಸಾರ್’ ಚಿತ್ರದಲ್ಲಿ ಹೆಂಡತಿ ಅಪರ್ಣಾ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅಪು ತನ್ನ ಕಾದಂಬರಿಯ ಹಸ್ತಪ್ರತಿಯನ್ನು ಬೆಟ್ಟದ ಮೇಲಿನಿಂದ ಗಾಳಿಗೆ ತೂರುತ್ತಾನೆ, ಹುಟ್ಟಿದ ಮಗನ ಮುಖವನ್ನೂ ನೋಡದೆ ವರ್ಷಗಟ್ಟಲೆ ಅಲೆಯುತ್ತಾನೆ. ಅವನನ್ನು ಹುಡುಕಿಕೊಂಡು ಬರುವವನು ಗೆಳೆಯ ಪುಲು. ಮಗನ ಬಳಿಗೆ ಬಂದ ಮೇಲಾದರೂ ಸುಖವಿದೆಯೇ? ಹುಡುಗ ಕಾಜಲ್ ಈ ಗಡ್ಡದ ಅಪರಿಚಿತನನ್ನು ಅಪ್ಪನೆಂದು ಒಪ್ಪುವುದಿಲ್ಲ, ಅವನು ತಂದ ಆಟಿಕೆಯ ರೈಲೂ ಬೇಡ. ಸೋತು ಹೊರಟ ಅಪುವಿನ ಹಿಂದೆ ಹುಡುಗ ಬರುತ್ತಾನೆ, ಅಪ್ಪನ ಬಳಿಗೆ ಕರೆದೊಯ್ಯುವೆಯಾ ಎಂದು ಕೇಳುತ್ತಾನೆ, ನೀನು ಯಾರು ಎಂದರೆ ಅಪು ತಾನು ಗೆಳೆಯನೆನ್ನುತ್ತಾನೆ. ಅಪ್ಪನೆಂಬ ಅಧಿಕಾರವನ್ನು ಬಿಟ್ಟುಕೊಟ್ಟ ಮೇಲೆಯೇ ಮಗ ಅವನ ಹೆಗಲೇರುವುದು. ಈ ದೃಶ್ಯದ ಬಗ್ಗೆ ಮಾತನಾಡುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ, ಕ್ಷಮಿಸಿ.

ನನ್ನ ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ತಟ್ಟಿದ ಬಾಗಿಲನ್ನು ತೆರೆಯಲಾರದವರ ಗತಿಯೇನು? ಕೆನೆತ್ ಲೋನರ್ಗನ್ ಅವರ ‘ಮ್ಯಾಂಚೆಸ್ಟರ್ ಬೈ ದ ಸೀ’ ಚಿತ್ರದ ಲೀ ಚಾಂಡ್ಲರ್ ಅಂಥವನು. ಅವನ ಅಜಾಗರೂಕತೆಯಿಂದ ಮನೆಗೆ ಬೆಂಕಿ ಬಿದ್ದು ಮೂವರು ಮಕ್ಕಳು ಸತ್ತಿದ್ದಾರೆ. ಈಗ ಅಣ್ಣನೂ ತೀರಿಕೊಂಡು, ಅಣ್ಣನ ಮಗ ಪ್ಯಾಟ್ರಿಕ್‌ನ ಪಾಲನೆ ಉಯಿಲಿನ ಮೂಲಕ ಇವನ ಹೆಗಲಿಗೆ ಬಿದ್ದಿದೆ. ಚಳಿಗೆ ನೆಲ ಹೆಪ್ಪುಗಟ್ಟಿರುವುದರಿಂದ ವಸಂತ ಬರುವವರೆಗೆ ಹೆಣವನ್ನು ಹೂಳುವಂತಿಲ್ಲ, ಶೈತ್ಯಾಗಾರದಲ್ಲಿಡಬೇಕು. ಒಂದು ರಾತ್ರಿ ಪ್ಯಾಟ್ರಿಕ್ ಮನೆಯ ಫ್ರಿಜ್ ತೆರೆದಾಗ ಹೆಪ್ಪುಗಟ್ಟಿದ ಮಾಂಸದ ಪೊಟ್ಟಣಗಳು ಉರುಳಿ ಬೀಳುತ್ತವೆ, ಹುಡುಗ ಉಸಿರು ಸಿಕ್ಕಿಕೊಂಡವನಂತೆ ನಡುಗತೊಡಗುತ್ತಾನೆ. ಲೀಗೆ ಸಮಾಧಾನದ ಮಾತು ಬರುವುದಿಲ್ಲ. ಹುಡುಗ ಬೇಡವೆಂದರೂ ಹೋಗದೆ, ಅವನ ಕೋಣೆಯಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಆದರೂ ಕೊನೆಯಲ್ಲಿ ಆ ಊರಿನಲ್ಲಿ ಉಳಿಯಲು ತನ್ನಿಂದಾಗದೆಂದು ಒಪ್ಪಿಕೊಳ್ಳುತ್ತಾನೆ. ಪ್ಯಾಟ್ರಿಕ್‌ನನ್ನು ಕುಟುಂಬದ ಗೆಳೆಯರೊಬ್ಬರಿಗೆ ಒಪ್ಪಿಸುತ್ತಾನೆ. ಲೋನರ್ಗನ್ ಅವನನ್ನು ಬಲವಂತವಾಗಿ ಗುಣಪಡಿಸಲಿಲ್ಲ, ಅದಕ್ಕಾಗಿ ನಾನು ಅವರಿಗೆ ಕೃತಜ್ಞ.

ಸಮಯವಾಯಿತೆಂದು ಸಂಘಟಕರು ಸನ್ನೆ ಮಾಡುತ್ತಿದ್ದಾರೆ. ಜಪಾನಿನ ನಿರ್ದೇಶಕ ಹಮಗುಚಿಯವರ ‘ಡ್ರೈವ್ ಮೈ ಕಾರ್’ ಬಗ್ಗೆ ವಿವರವಾಗಿ ಮಾತನಾಡಬೇಕೆಂದಿದ್ದೆ. ಅದರ ಶೀರ್ಷಿಕೆಗಳು ತೆರೆಗೆ ಬರುವುದೇ ಸುಮಾರು ನಲವತ್ತು ನಿಮಿಷ ಕಳೆದ ಮೇಲೆ, ನಾಯಕನ ಹೆಂಡತಿಯ ಸಾವು ಆಗಿಹೋದ ನಂತರ. ತನ್ನ ಕಾರಿನ ಸ್ಟಿಯರಿಂಗನ್ನು ಬೇರೊಬ್ಬರ ಕೈಗೆ ಕೊಡಲು ಇಷ್ಟವಿಲ್ಲದ ಗಂಡಸು ಅನಿವಾರ್ಯವಾಗಿ ಕೊಡಬೇಕಾಗುತ್ತದೆ, ಮತ್ತು ಚಾಲಕಿಯೂ ತನ್ನವರೊಬ್ಬರ ಸಾವಿನ ಭಾರ ಹೊತ್ತವಳೆಂದು ತಿಳಿಯುತ್ತದೆ ಎಂಬಷ್ಟನ್ನೇ ಹೇಳಿ ಬಿಡುತ್ತೇನೆ.

ಲೀಯ ಬಗ್ಗೆ ಮಾತ್ರ ಒಂದು ಮಾತು ಬಾಕಿಯಿದೆ. ಅವನು ಸೋತವನು ಎಂದು ಬಹಳ ಜನ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ತಾನು ಹೋಗಿ ನೆಲೆಸುವ ಕಡೆ ಒಂದು ಹೆಚ್ಚುವರಿ ಕೋಣೆಯಿರುವ ಮನೆ ಹುಡುಕುತ್ತಿದ್ದೇನೆ, ನೀನು ಆಗಾಗ ಬಂದು ಉಳಿಯಬಹುದಲ್ಲ, ಎಂದು ಅವನು ಪ್ಯಾಟ್ರಿಕ್‌ಗೆ ಹೇಳುತ್ತಾನೆ. ಚಿತ್ರದ ಆರಂಭದಲ್ಲಿ ಒಂದೇ ಕೋಣೆಯಲ್ಲಿ ಬದುಕುತ್ತಿದ್ದವನು ಅವನು. ‘ಬ್ಲೂ’ ಮುಗಿದ ಮೇಲೆ ಚರ್ಚೆಗೆ ಕಾಲಾವಕಾಶವಿದೆ. ಲೀ ಸೋತನೆಂದು ನಂಬುವವರು ದಯವಿಟ್ಟು ಎದ್ದುಹೋಗದೆ ಉಳಿದು, ಜ್ಯೂಲಿಯನ್ನು ಅವನ ಪಕ್ಕದಲ್ಲಿಟ್ಟು ನೋಡಿ ನನಗೆ ಉತ್ತರ ಕೊಡಬೇಕು. ನಮಸ್ಕಾರ.